ತಮ್ಮನ ಪಾಲಿನ ಹಾಲು

ನಿಮ್ಮಿಬ್ಬರಿಗೂ ಹಸಿವು ಒಟ್ಟಿಗೇ ಆಗುತ್ತಿತ್ತು. ಹುಟ್ಟಿದ್ದು ಒಟ್ಟಿಗೆ, ಅದಕ್ಕೇ ಹಸಿವೂ ಒಟ್ಟಿಗೆ ಎಂದು ನೋಡಲು ಬಂದವರು ನಗುತ್ತಿದ್ದರು. ಅವರು ನಕ್ಕು, ಕಾಫಿ ಕುಡಿದು ಹೋಗುವವರು. ಮನೆಯಲ್ಲಿ ಉಳಿಯುವ ನಮಗೆ ನಗು ಬರುತ್ತಿರಲಿಲ್ಲ. ನಿಮ್ಮಲ್ಲಿ ಅಕ್ಕ ಅತ್ತರೆ ಕಾಮಾಕ್ಷಿಪಾಳ್ಯದ ಆ ಗಲ್ಲಿಯ ತುದಿಯವರೆಗೆ ಕೇಳುತ್ತಿತ್ತು. ತಮ್ಮ ಅತ್ತರೆ ಪಕ್ಕದಲ್ಲಿ ಕೂತ ನನಗೇ ಒಮ್ಮೊಮ್ಮೆ ಗೊತ್ತಾಗುತ್ತಿರಲಿಲ್ಲ. ಬಾಯಿ ತೆರೆದಿರುತ್ತಿತ್ತು, ಮುಖ ಕೆಂಪಗಾಗಿರುತ್ತಿತ್ತು, ಬೆಕ್ಕಿನ ಮರಿಯ ಹಾಗೆ ಒಂದು ಎಳೆ ದನಿ ಬರುತ್ತಿತ್ತು, ಅಷ್ಟೆ. ಎದುರು ಕಟ್ಟಡದ ಗಾರ್ಮೆಂಟ್ಸ್‌ನಲ್ಲಿ ಮಿಷನ್ನುಗಳು ಓಡುವಾಗ ಅದೂ ಕೇಳುತ್ತಿರಲಿಲ್ಲ.

ಮೊನ್ನೆ ಅಕ್ಕ ಬಾಯಿಟ್ಟು ಕುಡಿದ ಬಾಟಲಿಯ ನೀರನ್ನು ತಮ್ಮ ಮುಟ್ಟಲಿಲ್ಲ. ಎಂಜಲು, ನನಗೆ ಬೇಡ ಅಂದ. ಅಕ್ಕ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಎದುರೆದುರು ಕೂರಿಸಿಕೊಂಡು ಹೇಳಲು ನನಗೆ ಬಾಯಿ ಬರುವುದಿಲ್ಲ, ನಿಮ್ಮಜ್ಜಿ ಮೊದಲಿನಿಂದಲೂ ಹಾಗೆಯೇ. ಬರೆದರೆ ಬರಬಹುದು ಎಂದು ಕೂತಿದ್ದೇನೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಆದರೆ ನೀವು ತಿಂಗಳು ತುಂಬುವ ಮೊದಲೇ ಬಂದಿರಿ. ಮಕ್ಕಳನ್ನು ಆಸ್ಪತ್ರೆಗೆ ಹತ್ತಿರವೇ ಇಟ್ಟುಕೊಳ್ಳಬೇಕು, ಹಳ್ಳಿಗೆಲ್ಲ ಕರೆದುಕೊಂಡು ಹೋಗಬೇಡಿ ಎಂದು ಡಾಕ್ಟರು ಹೇಳಿದರು. ಹಾಗಾಗಿ ತವರೇ ಗಂಟು ಕಟ್ಟಿಕೊಂಡು ಬಂತು ಅನ್ನಿ. ನಿಮ್ಮ ತಾತ ಹೋಗಿ ಎರಡು ಮಳೆಗಾಲ ಕಳೆದಿತ್ತು, ಊರಿನಲ್ಲಿ ನನ್ನನ್ನು ಹಿಡಿದಿಡುವಂಥದ್ದು ಏನೂ ಇರಲಿಲ್ಲ. ನಿಮ್ಮಪ್ಪನ ಬಾಡಿಗೆ ಮನೆ ಎರಡು ಕೋಣೆಯದು. ಅವರು ಅಡುಗೆಮನೆಯ ಮುಂದೆ ಚಾಪೆ ಹಾಕಿಕೊಂಡು, ಒಳಕೋಣೆಯನ್ನು ಬಾಣಂತಿಗೂ ನಮಗೂ ಬಿಟ್ಟುಕೊಟ್ಟರು. ನಮಗೆ ಅಂದರೆ ನನಗೆ ಮತ್ತು ನಿಮ್ಮ ದಾವಣಗೆರೆ ಅಜ್ಜಿಗೆ. ಮಕ್ಕಳು ಎರಡು, ಒಬ್ಬರ ಕೈಲಿ ಆಗುವ ಕೆಲಸ ಅಲ್ಲ ಎಂದು ಅವರೂ ಬಂದಿದ್ದರು. ಬಂದದ್ದು ಒಳ್ಳೆಯದೇ ಆಯಿತು. ಆದರೆ ಅವರು ಗಂಡಿನ ತಾಯಿ, ನಾನು ಹೆಣ್ಣು ಕೊಟ್ಟವಳು. ಅವರು ಮಾತಾಡುವಾಗ ನಾನು ಕೇಳುವುದು ವಾಡಿಕೆ. ಅದು ನನಗೆ ಕಷ್ಟವೂ ಆಗಿರಲಿಲ್ಲ, ಮಾತಾಡುವುದಕ್ಕಿಂತ ಕೇಳುವುದು ನನಗೆ ಸುಲಭ.

ಅಕ್ಕ ನಿಮ್ಮಮ್ಮನ ಜೊತೆಯಲ್ಲೇ ಮನೆಗೆ ಬಂದಳು. ತಮ್ಮ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಉಳಿದ. ಮೂಗಿನಲ್ಲಿ ನಳಿಕೆ, ಎದೆಯ ಮೇಲೆ ವೈರುಗಳು. ಆಮೇಲೆ ನಳಿಕೆ ತೆಗೆದು ಒಳಲೆಯಲ್ಲಿ ಹಾಲು ಹಾಕುವುದನ್ನು ರೂಢಿ ಮಾಡಿಸಿದರು. ಒಳಲೆ ಅಂದರೆ ನಿಮಗೆ ಗೊತ್ತು, ದೇವರ ಗೂಡಿನಲ್ಲಿ ಇದೆಯಲ್ಲ, ಮೂತಿ ಇರುವ ಪುಟ್ಟ ಬಟ್ಟಲು. ಅದರಿಂದ ತುಟಿಯ ಅಂಚಿಗೆ ಹನಿಸಿದರೆ ಮಗು ನುಂಗುತ್ತದೆ, ಎಳೆದುಕೊಳ್ಳುವ ಕಷ್ಟವಿಲ್ಲ. ಹೀಗಾಗಿ ಮನೆಗೆ ಬರುವಷ್ಟರಲ್ಲಿ ನುಂಗಲು ಕಲಿತಿದ್ದ, ಚೀಪಲು ಕಲಿತಿರಲಿಲ್ಲ. ಎದೆಗೆ ಹಿಡಿದರೆ ಬಾಯಿಗೆ ತೆಗೆದುಕೊಳ್ಳುತ್ತಿದ್ದ, ಒಂದೆರಡು ಸಲ ಎಳೆಯುತ್ತಿದ್ದ, ಅಷ್ಟಕ್ಕೇ ದಣಿದು ನಿದ್ದೆಹೋಗುತ್ತಿದ್ದ. ಹಸಿದುಕೊಂಡೇ ನಿದ್ದೆ.

ಅವನನ್ನು ಮನೆಗೆ ತಂದ ದಿನ ದಾವಣಗೆರೆ ಅಜ್ಜಿ ಹೊಸಿಲಲ್ಲಿ ಆರತಿ ಎತ್ತಿ, ಒಳಗೆ ಬಂದು, ಅವನನ್ನು ತೊಡೆಯ ಮೇಲೆ ಹಾಕಿಕೊಂಡರು. ಬಟ್ಟೆ ಬಿಚ್ಚಿ ಪಕ್ಕೆಲುಬು ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಪಕ್ಕದಲ್ಲಿ ಕೈಕಾಲು ಆಡಿಸುತ್ತಿದ್ದ ಅಕ್ಕನ ಕಡೆ ತಿರುಗಿ ನೋಡಿ ನಿಮ್ಮಮ್ಮನಿಗೆ ಹೇಳಿದರು: "ಹೊಟ್ಟ್ಯಾಗ ಇದ್ದಾಗ ಇವನ ಪಾಲು ಈಕಿನೇ ಉಂಡು ಬಂದಾಳ. ಇನ್ನ ಮ್ಯಾಲೆ ಬಲಗಡಿದು ಇವನ್ದು, ಎಡಗಡಿದು ಆಕಿದು. ಇವನ ಪಾಲಿಗೆ ಆಕಿ ಬಾಯಿ ತಾಗಬಾರ್ದು ನೋಡವಾ."

ಒಬ್ಬರ ಎಂಜಲು ಇನ್ನೊಬ್ಬರ ಬಾಯಿಗೆ ಹೋದರೆ ಎಳೆ ಕೂಸಿಗೆ ತಡೆಯುವುದಿಲ್ಲ, ಅದರಲ್ಲೂ ಆಸ್ಪತ್ರೆಯಿಂದ ಈಗತಾನೇ ಬಂದ ಕೂಸು ಎಂದೂ ಹೇಳಿದರು. ಅವರ ಮನೆಯಲ್ಲಿ ಎಂಜಲಿನ ನೇಮ ನಮ್ಮ ಕಡೆಗಿಂತ ಬಿಗಿ. ನಿಮ್ಮಮ್ಮ ಡಿಗ್ರಿ ಮಾಡಿ ರಾಜಾಜಿನಗರದಲ್ಲಿ ಕೆಲಸಕ್ಕೆ ಹೋಗುತ್ತಿದ್ದವಳು, ಎಂಜಲು ಗಿಂಜಲು ಎಂದು ತಲೆ ಕೆಡಿಸಿಕೊಂಡವಳಲ್ಲ. ಆದರೂ ಒಪ್ಪಿಕೊಂಡಳು. ನಿದ್ದೆಗೆಟ್ಟ ತಲೆಯಲ್ಲಿ ಯಾರಿಗೆ ಯಾವ ಕಡೆ ಕೊಟ್ಟೆ, ಯಾರು ಕುಡಿದರು, ಯಾರು ಬಿಟ್ಟರು ಎಂಬುದೇ ಅವಳಿಗೆ ನೆನಪಿರುತ್ತಿರಲಿಲ್ಲ. ಆಳಿಗೊಂದು ಕಡೆ ಎಂದಾದರೆ ಗೊಂದಲವಿಲ್ಲ. ನನಗೂ ಅದು ನ್ಯಾಯವಾಗಿಯೇ ಕಂಡಿತು. ಮಕ್ಕಳು ಇಬ್ಬರು, ದೇವರು ಕೊಟ್ಟದ್ದೂ ಎರಡು. ಹೀಗೆ ಮೂರು ಜನ ಹೆಂಗಸರು ಮೂರು ಕಾರಣಕ್ಕೆ ಒಂದೇ ಮಾತಿಗೆ ತಲೆ ಆಡಿಸಿದೆವು.

ಇಬ್ಬರಿಗೂ ಒಟ್ಟಿಗೆ ಹಾಲು ಕೊಡುವುದು ಹೇಗೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಊರಿನಲ್ಲಿ ಅವಳಿಜವಳಿ ಹೆತ್ತವರನ್ನು ನಾನು ಕಂಡಿರಲಿಲ್ಲ. ತೊಡೆಯ ಮೇಲೆ ಇಬ್ಬರನ್ನೂ ಅಡ್ಡ ಮಲಗಿಸಿದರೆ ಒಬ್ಬರ ಕಾಲು ಇನ್ನೊಬ್ಬರ ಮುಖಕ್ಕೆ. ಒಬ್ಬರಾದ ಮೇಲೆ ಒಬ್ಬರಿಗೆ ಕೊಟ್ಟರೆ, ಎರಡನೆಯವರದು ಮುಗಿಯುವ ಹೊತ್ತಿಗೆ ಮೊದಲನೆಯವರಿಗೆ ಮತ್ತೆ ಹಸಿವು. ನಿಮ್ಮಮ್ಮ ಉಣ್ಣುವುದು ಯಾವಾಗ, ಕಣ್ಣು ಮುಚ್ಚುವುದು ಯಾವಾಗ? ಕೊನೆಗೆ ಆಸ್ಪತ್ರೆಯ ನರ್ಸಮ್ಮ ತೋರಿಸಿದ ರೀತಿಯೇ ಕೈಗೆ ಹತ್ತಿತು. ಮಂಚ ತೆಗೆಸಿ ನೆಲಕ್ಕೇ ಹಾಸಿಗೆ ಹಾಕಿದೆವು. ನಿಮ್ಮಮ್ಮ ಗೋಡೆಗೆ ಒರಗಿ ಕೂರುವುದು. ಎರಡೂ ಪಕ್ಕಕ್ಕೆ ದಿಂಬು, ದಿಂಬಿನ ಮೇಲೆ ಮಡಿಸಿದ ಹಳೆಯ ಸೀರೆ. ಸೊಂಟದ ಮೇಲೆ ಕೊಡ ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಎರಡು ಕಂಕುಳಿಗೆ ಎರಡು ಮಕ್ಕಳು. ತಲೆ ಮುಂದೆ, ಕಾಲು ಹಿಂದಕ್ಕೆ ಗೋಡೆಯ ಕಡೆ. ಅಕ್ಕನನ್ನು ಹತ್ತಿರ ತಂದರೆ ಸಾಕು, ತಾನೇ ಹುಡುಕಿ ಗಬಕ್ಕನೆ ಹಿಡಿಯುತ್ತಿದ್ದಳು. ತಮ್ಮನಿಗೆ ಒಬ್ಬರು ಆಳು ಬೇಕು. ಆ ಆಳು ನಾನು.

ಒಂದು ಕೈಯಲ್ಲಿ ಅವನ ಕುತ್ತಿಗೆ ಹಿಡಿದು, ಇನ್ನೊಂದು ಕೈಯಲ್ಲಿ ನಿಮ್ಮಮ್ಮನ ಎದೆಯನ್ನು ಚಪ್ಪಟೆಯಾಗಿ ಒತ್ತಿ ಅವನ ಬಾಯೊಳಗೆ ಇಡಬೇಕು. ಇದನ್ನು ಬರೆಯಲು ಈಗಲೂ ನನಗೆ ಸಂಕೋಚ. ಮಗಳು ದೊಡ್ಡವಳಾದ ಮೇಲೆ ಅವಳ ಮೈಯನ್ನು ನಾನು ನೋಡಿದ್ದಿಲ್ಲ. ಸ್ನಾನಕ್ಕೆ ಬಿಸಿನೀರು ಬಾಗಿಲಲ್ಲೇ ಇಟ್ಟು ಬರುತ್ತಿದ್ದವಳು ನಾನು. ಈಗ ಬೀಗಿತ್ತಿಯ ಎದುರಿಗೆ, ಹಗಲು ಬೆಳಕಿನಲ್ಲಿ, ಹಸುವಿನ ಕೆಚ್ಚಲಿಗೆ ಕೈಹಾಕಿದ ಹಾಗೆ ಕೈಹಾಕಬೇಕಾಯಿತು. ಮೊದಮೊದಲು ನಾನೂ ಅವಳೂ ಬೇರೆ ಬೇರೆ ಕಡೆ ನೋಡುತ್ತಿದ್ದೆವು. ಆಮೇಲೆ ನಾಚಿಕೆಪಡಲೂ ಪುರುಸೊತ್ತು ಸಿಗಲಿಲ್ಲ. ಅವನ ಗಲ್ಲ ಸವರು, ಅಂಗಾಲಿಗೆ ಬೆರಳಿನಿಂದ ತಟ್ಟು, ಕಿವಿ ಎಳೆ, ಒದ್ದೆ ಬಟ್ಟೆಯಿಂದ ಹಣೆ ಒರೆಸು. ಎಚ್ಚರವಾಗುತ್ತಿದ್ದ, ಎರಡು ಸಲ ಎಳೆಯುತ್ತಿದ್ದ, ಮತ್ತೆ ದವಡೆ ಸಡಿಲ. ಆ ಪಕ್ಕದಲ್ಲಿ ಅಕ್ಕ ಗುಟುಕರಿಸಿ ಗುಟುಕರಿಸಿ, ಹೊಟ್ಟೆ ತುಂಬಿ ತೇಗಿ, ಕೈಚೆಲ್ಲಿ ಮಲಗಿಬಿಡುತ್ತಿದ್ದಳು.

ಬಲಗಡೆ ಹಾಲು ಕುಡಿಯುವವರಿಲ್ಲದೆ ಮೊದಲು ಕಟ್ಟಿಕೊಂಡಿತು. ಕಲ್ಲಿನ ಹಾಗೆ ಗಟ್ಟಿಯಾಗಿ, ಕೆಂಪಗಾಗಿ, ಚಳಿಜ್ವರ ಬಂತು. ಬಿಸಿನೀರಿನ ಬಟ್ಟೆ ಇಟ್ಟು ಇಟ್ಟು ಹಿಂಡಿ ತೆಗೆದೆವು. ನಿಮ್ಮಮ್ಮ ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದಳು. ಗಟ್ಟಿ ಕರಗಿತು, ಜ್ವರ ಇಳಿಯಿತು. ಅದರ ಜೊತೆಗೇ ಆ ಕಡೆಯ ಹಾಲೂ ಇಳಿಯುತ್ತಾ ಬಂತು. ಎಡಗಡೆಯಲ್ಲೋ ಮಗು ಅತ್ತ ಸದ್ದಿಗೇ ರವಿಕೆ ಒದ್ದೆಯಾಗುತ್ತಿತ್ತು. ಬಲಗಡೆ ಖಾಲಿ ಚೀಲದ ಹಾಗೆ ಮೆತ್ತಗಾಯಿತು. ಹಿಂಡಿದರೆ ಒಳಲೆಯ ತಳ ಮುಚ್ಚುವಷ್ಟು ಬರುತ್ತಿತ್ತು. ಎಡಗಡೆಯದನ್ನೇ ಹಿಂಡಿ ಇವನಿಗೆ ಹಾಕೋಣ ಎಂದರೆ ಅಕ್ಕ ಕುಡಿದು ಬಿಟ್ಟ ಮೇಲೆ ಅಲ್ಲಿಯೂ ಏನೂ ಉಳಿದಿರುತ್ತಿರಲಿಲ್ಲ. ಅವಳ ಬಾಯಿಯ ಮುಂದೆಯೇ ಹಿಂಡಿಕೊಳ್ಳಲು ಯಾರಿಗೂ ಮನಸ್ಸು ಬರಲಿಲ್ಲ.

ಜ್ವರಕ್ಕೆ ಹಾಲು ಬತ್ತಿತು ಅಂದುಕೊಂಡೆವು. ದಾವಣಗೆರೆ ಅಜ್ಜಿ ದೃಷ್ಟಿಯಾಗಿದೆ ಅಂದರು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾನು ಸಬ್ಬಸಿಗೆ ಸೊಪ್ಪಿನ ಪಲ್ಯ, ಹುರಿದ ಬೆಳ್ಳುಳ್ಳಿ, ಮೆಂತ್ಯದ ಗಂಜಿ, ಮೆಣಸಿನ ಸಾರು, ಹಾಲು ಬರಲು ಏನೇನು ಹೇಳುತ್ತಾರೋ ಅದೆಲ್ಲ ಮಾಡಿ ಹಾಕಿದೆ. ನಿಮ್ಮಮ್ಮ ಬಾಯಿ ಮುಚ್ಚಿಕೊಂಡು ತಿಂದಳು. ತಿಂದದ್ದೆಲ್ಲ ಎಡಗಡೆಗೇ ಹೋಗುತ್ತಿತ್ತು.

ಪುಡಿ ಹಾಲು ಯಾಕೆ ಕೊಡಲಿಲ್ಲ ಎಂದು ನೀವು ಕೇಳಬಹುದು. ಕೊಟ್ಟೆವು. ಡಾಕ್ಟರೇ ಬರೆದುಕೊಟ್ಟ ಪುಡಿ. ಅವನ ಹೊಟ್ಟೆ ತಮಟೆಯ ಹಾಗೆ ಬಿಗಿದು, ಕುಡಿದದ್ದೆಲ್ಲ ಮೊಸರಾಗಿ ಮೂಗಿನಲ್ಲೂ ಬಾಯಲ್ಲೂ ಬಂತು. ಇಷ್ಟು ಎಳೆಯ ಕರುಳಿಗೆ ತಾಯಿಯ ಹಾಲು ಹಿಡಿದಷ್ಟು ಬೇರೆಯದು ಹಿಡಿಯುವುದಿಲ್ಲ ಎಂದು ಅವರೇ ನಿಲ್ಲಿಸಿದರು.

ಬಸವೇಶ್ವರನಗರದ ಆ ಆಸ್ಪತ್ರೆಗೆ ತೂಕ ನೋಡಿಸಲು ಎಲ್ಲರೂ ಒಂದೇ ಆಟೋದಲ್ಲಿ ಹೋದೆವು. ಅಕ್ಕನ ತೂಕ ಏರಿತ್ತು. ತಮ್ಮನದು ಮನೆಗೆ ಕಳಿಸಿದ ದಿನ ಇದ್ದದ್ದಕ್ಕಿಂತ ಕಡಿಮೆಯಾಗಿತ್ತು. ಡಾಕ್ಟರು ಗದರಲಿಲ್ಲ, ಗದರಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ಕರೆದುಕೊಂಡು ಬನ್ನಿ, ಆಗಲೂ ಇಳಿದಿದ್ದರೆ ಮತ್ತೆ ಒಳಗೆ ಸೇರಿಸಿಕೊಳ್ಳಬೇಕಾಗುತ್ತದೆ, ಪೆಟ್ಟಿಗೆ, ನಳಿಕೆ ಎಲ್ಲ ಮೊದಲಿನಿಂದ ಅಂದರು. ಈ ಸಲ ಸೇರಿದರೆ ಸುಲಭ ಇರುವುದಿಲ್ಲ ಎಂದು ಮೆಲ್ಲಗೆ ಸೇರಿಸಿದರು. ಅಕ್ಕನನ್ನು ಅಲ್ಲಿಗೆ ಬಿಡುವುದಿಲ್ಲ. ತಾಯಿ ಅಲ್ಲಿ ಇದ್ದರೆ ಇವಳಿಗೆ ಹಾಲಿಲ್ಲ, ಇಲ್ಲಿ ಇದ್ದರೆ ಅವನಿಗಿಲ್ಲ.

ಆಚೆ ಬರುವ ಮೊದಲು ನರ್ಸಮ್ಮ ನಿಮ್ಮಮ್ಮನನ್ನು ಪರದೆಯ ಹಿಂದೆ ಕೂರಿಸಿ ಹೇಗೆ ಕೊಡುತ್ತೀರಿ ತೋರಿಸಿ ಅಂದಳು. ನೋಡಿದಳು, ಎರಡೂ ಕಡೆ ಕೈಯಿಟ್ಟು ನೋಡಿದಳು. "ಇವನಿಗೆ ಯಾವಾಗ್ಲೂ ಇದೇ ಸೈಡಾ?" ಎಂದು ಕೇಳಿದಳು. ನಿಮ್ಮಮ್ಮ ಹೌದು ಅಂದಳು.

"ಅದಕ್ಕೇ ಮತ್ತೆ. ಕುಡಿದಷ್ಟೂ ಬರುತ್ತೆ, ಬಿಟ್ಟಷ್ಟೂ ಬತ್ತುತ್ತೆ ಮೇಡಂ. ಇವನಿಗೆ ಎಳೆಯೋ ಶಕ್ತಿ ಇಲ್ಲ. ಮೊದ್ಲು ಅವಳನ್ನ ಈ ಕಡೆ ಹಾಕಿ, ಅವಳು ಎಳೆದು ತರ್ಲಿ. ಬರೋಕೆ ಶುರುವಾದ ಕೂಡ್ಲೇ ಬಿಡ್ಸಿ ಇವನ ಬಾಯಿಗಿಡಿ."

ಪರದೆಯ ಆಚೆ ಅಕ್ಕನನ್ನು ಎತ್ತಿಕೊಂಡು ನಿಂತಿದ್ದ ದಾವಣಗೆರೆ ಅಜ್ಜಿಗೆ ಎಲ್ಲವೂ ಕೇಳಿಸಿತ್ತು. ಆಟೋ ಮಾಗಡಿ ರೋಡಿಗೆ ತಿರುಗುವವರೆಗೆ ತಡೆದುಕೊಂಡಿದ್ದರು. ಆಮೇಲೆ ಆ ನರ್ಸಿಗೆ ಇನ್ನೂ ಮದುವೆಯೇ ಆದ ಹಾಗಿಲ್ಲ, ಕೊರಳು ನೋಡಿದೆ, ಮಕ್ಕಳಿಗೆ ಹಾಲು ಕೊಡುವುದನ್ನು ಪುಸ್ತಕದಲ್ಲಿ ಓದಿ ಬಂದು ನಮಗೆ ಹೇಳುತ್ತಾಳೆ ಅಂದರು. ನನ್ನ ಕಡೆ ತಿರುಗಿ, "ನೀವೇ ಹೇಳ್ರಿ ಬೀಗರೇ. ಇರೋ ನಾಕು ಹನೀನೂ ಆಕಿಗೇ ಕುಡಿಸಿಬಿಟ್ರ ನನ್ನ ಕೂಸಿಗೆ ಏನುಳಿತೈತಿ?" ಎಂದು ಕೇಳಿದರು.

ಅವರ ಮೇಲೆ ನೀವು ಕೋಪ ಮಾಡಿಕೊಳ್ಳಬಾರದು. ಅವರ ಮಾತಿನಲ್ಲಿ ನನಗೇ ತಪ್ಪು ಕಾಣಲಿಲ್ಲ. ಒಣಗುತ್ತಿರುವ ಒರತೆಯನ್ನು ಕಂಡವರು ಕಾವಲು ಕೂರುತ್ತಾರೆ, ಇನ್ನೊಬ್ಬರಿಗೆ ಕೊಡ ಕೊಟ್ಟು ಕಳಿಸುವುದಿಲ್ಲ. ನಿಮ್ಮಮ್ಮನೂ ಅದನ್ನೇ ಅಂದಳು, ಅತ್ತೆ ಹೇಳೋದೂ ಸರಿ ಅಲ್ವಾ ಅಮ್ಮ, ಇವಳು ಅದನ್ನೂ ಕುಡಿದುಬಿಟ್ಟರೆ ಏನು ಗತಿ ಎಂದು. ನಾನು ರಸ್ತೆ ನೋಡುತ್ತಾ ಕೂತೆ.

ಆಮೇಲಿನ ದಿನಗಳಲ್ಲಿ ತಮ್ಮ ಅಳುವುದನ್ನು ಬಿಟ್ಟ. ನೋಡಲು ಬಂದ ಪಕ್ಕದ ಮನೆಯವರು ಪಾಪ ಎಷ್ಟು ಸಾಧು ಮಗು ಅಂದರು. ಬೆಳಗ್ಗೆ ಕಟ್ಟಿದ ಬಟ್ಟೆ ಮಧ್ಯಾಹ್ನ ಮುಟ್ಟಿ ನೋಡಿದರೂ ಒಣಗೇ ಇರುತ್ತಿತ್ತು. ನೆತ್ತಿ ಗುಂಡಿ ಬಿದ್ದಿತ್ತು. ನಾನು ಮನೆಕೆಲಸದ ನಡುವೆ ಬಂದು ಬಂದು ಅವನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ ಹೋಗುತ್ತಿದ್ದೆ. ದಾವಣಗೆರೆ ಅಜ್ಜಿಯೂ ಹಾಗೆಯೇ ಮಾಡುತ್ತಿದ್ದರು. ಒಬ್ಬರನ್ನೊಬ್ಬರು ಕಂಡರೆ ಬಟ್ಟೆ ಸರಿಮಾಡಿದ ಹಾಗೆ ಮಾಡುತ್ತಿದ್ದೆವು.

ಒಂದು ದಿನ ನಾನು ನಿಮ್ಮಮ್ಮನ ತಲೆ ಬಾಚುತ್ತಿದ್ದೆ. ಕೂದಲು ಬಾಚಣಿಗೆಗೆ ಉಂಡೆ ಉಂಡೆಯಾಗಿ ಬರುತ್ತಿತ್ತು. ಅವಳು ಗೋಡೆಯನ್ನು ನೋಡುತ್ತಾ, "ಅಮ್ಮ, ಇವನು ನನಗೆ ಉಳಿಯಲ್ಲ ಅನ್ಸುತ್ತೆ" ಅಂದಳು. ನಾನು ಬಾಚುತ್ತಲೇ ಇದ್ದೆ. "ಇವನನ್ನ ಎತ್ಕೊಳ್ಳೋಕೇ ಭಯ ಆಗುತ್ತೆ. ಅವಳೊಬ್ಬಳೇ ಇದ್ದಿದ್ರೆ ಅನ್ನೋ ಯೋಚನೆ ಬರುತ್ತೆ. ನಾನೇನು ತಾಯೀನಾ?"

ಇದನ್ನು ಬರೆಯಲೋ ಬೇಡವೋ ಎಂದು ತುಂಬ ಯೋಚಿಸಿದೆ. ನಿಮ್ಮಮ್ಮನನ್ನೇ ಕೇಳಿದೆ. ಬರಿ ಅಮ್ಮ, ನಿಜ ತಾನೇ ಅಂದಳು. ತಮ್ಮನಿಗೆ ನಾನು ಹೇಳುವುದು ಇಷ್ಟೇ. ಅವಳು ಆ ಮಾತನ್ನು ಆಡುವಾಗ ನೀನು ಅವಳ ಎದೆಯ ಮೇಲೇ ಮಲಗಿದ್ದೆ, ನಿನ್ನ ಬೆನ್ನ ಮೇಲೆ ಅವಳ ಎರಡೂ ಕೈ ಇತ್ತು.

ಮತ್ತೆ ಆಸ್ಪತ್ರೆಗೆ ಹೋಗುವ ದಿನ ಹತ್ತಿರ ಬಂತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಎದುರಿನ ಮಿಷನ್ನುಗಳೆಲ್ಲ ನಿಂತಿದ್ದವು. ದಾವಣಗೆರೆ ಅಜ್ಜಿ ಒಣಗಿದ ಬಟ್ಟೆ ತರಲು ಮಹಡಿಯ ಮೇಲೆ ಹೋಗಿದ್ದರು. ನಿಮ್ಮಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ತಮ್ಮ ಬಲಗಡೆ ಬಾಯಲ್ಲಿಟ್ಟುಕೊಂಡು ಅಲ್ಲಾಡದೆ ಮಲಗಿದ್ದ. ಅಷ್ಟರಲ್ಲಿ ಅಕ್ಕ ಎದ್ದು ಚೀರಿದಳು. ಅವಳನ್ನು ಎತ್ತಿಕೊಂಡೆ. ಎಡಗಡೆಗೆ ಹಾಕಬೇಕು. ನನ್ನ ಕಣ್ಣು ತಮ್ಮನ ಮುಖದ ಮೇಲೆ ಬಿತ್ತು. ಮುದುಕರ ಮುಖದ ಹಾಗೆ ಹಣೆಯಲ್ಲಿ ಗೆರೆ. ಎಂಜಲು, ಪಾಲು, ಬೀಗರು ಏನು ಅಂದುಕೊಳ್ಳುತ್ತಾರೆ ಎಂಬುದೆಲ್ಲ ಆ ಕ್ಷಣ ತಲೆಯಲ್ಲಿ ಇರಲಿಲ್ಲ. ಧೈರ್ಯವೂ ಇರಲಿಲ್ಲ. ಇನ್ನು ಕಳೆದುಕೊಳ್ಳಲು ಏನಿದೆ ಎಂಬ ಒಂದು ಮಾತು ಮಾತ್ರ ಇತ್ತು. ತಮ್ಮನನ್ನು ಬಿಡಿಸಿ ನನ್ನ ತೊಡೆಗೆ ತೆಗೆದುಕೊಂಡು, ಅಕ್ಕನನ್ನು ಅವನ ಜಾಗಕ್ಕೆ ಇಟ್ಟೆ.

"ಅಮ್ಮ, ಏನ್ ಮಾಡ್ತಾ ಇದೀಯ?"

"ಸುಮ್ನಿರು" ಅಂದೆ.

ಅಕ್ಕ ಎಳೆದಳು. ಏನೂ ಬರಲಿಲ್ಲ. ಬಿಟ್ಟು ಅರಚಿದಳು. ಮತ್ತೆ ಹಿಡಿಸಿದೆ. ಕರು ಕೆಚ್ಚಲಿಗೆ ಗುದ್ದುವ ಹಾಗೆ ತಲೆಯಿಂದ ಗುದ್ದಿ ಎಳೆದಳು. ನಿಮ್ಮಮ್ಮ ಹಲ್ಲು ಕಚ್ಚಿ ದಿಂಬಿನ ಅಂಚು ಹಿಂಡುತ್ತಿದ್ದಳು. ಎಷ್ಟು ಹೊತ್ತೋ ತಿಳಿಯದು. ನಾಲ್ಕು ಹನಿ ಇದ್ದದ್ದೂ ಹೋಯಿತು, ದಾವಣಗೆರೆ ಅಜ್ಜಿ ಹೇಳಿದ್ದೇ ನಿಜವಾಯಿತು ಅಂದುಕೊಂಡೆ. ಆಗ ನಿಮ್ಮಮ್ಮನ ಎಡಗಡೆಯಿಂದ, ಯಾರೂ ಮುಟ್ಟದೆ, ಹಾಲು ತೊಟ್ಟಿಕ್ಕಿತು. ಅವಳು ಕಣ್ಣು ಬಿಟ್ಟಳು. "ಜುಮ್ ಅಂತಿದೆ ಅಮ್ಮ. ಬಲಗಡೆನೂ" ಅಂದಳು. ಅಕ್ಕನ ದವಡೆ ನಿಧಾನವಾಯಿತು, ಗಂಟಲು ಆಡಿತು. ನಾನು ಅವಳ ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಹಿಡಿತ ಬಿಡಿಸಿದೆ. ಅವಳು ಮನೆ ಹಾರಿಹೋಗುವ ಹಾಗೆ ಕಿರುಚಿದಳು. ಅವಳನ್ನು ಹಾಸಿಗೆಯ ಮೇಲೆ ಬಿಟ್ಟು ತಮ್ಮನನ್ನು ಇಟ್ಟೆ. ಅವನು ಎಳೆಯಬೇಕಾಗಿ ಬರಲಿಲ್ಲ. ಹಾಲು ತಾನಾಗಿ ಬಾಯಿಗೆ ಬರುತ್ತಿತ್ತು, ತುಟಿಯ ಅಂಚಿನಿಂದ ಇಳಿಯುತ್ತಿತ್ತು. ಅವನು ಬೆಚ್ಚಿದವನ ಹಾಗೆ ಕಣ್ಣು ತೆರೆದು, ನುಂಗಿದ. ಮತ್ತೆ ನುಂಗಿದ.

ಅಕ್ಕನ ಕಿರುಚಾಟಕ್ಕೆ ದಾವಣಗೆರೆ ಅಜ್ಜಿ ಓಡಿ ಬಂದರು. ಬಟ್ಟೆಯ ರಾಶಿ ಎದೆಗವಚಿಕೊಂಡು ಬಾಗಿಲಲ್ಲಿ ನಿಂತರು. ಅಕ್ಕನ ಬಾಯಿಯ ಸುತ್ತ ಹಾಲು, ತಮ್ಮನ ಬಾಯಲ್ಲಿ ಹಾಲು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಯಾರ ಬಾಯಾಗಿಂದು ಕಿತ್ತು ಯಾರಿಗೆ ಕೊಟ್ರಿ ಬೀಗರೇ?"

ನನ್ನ ಮದುವೆಯಾದ ಮೇಲೆ ನಾನು ಗಂಡಿನ ಕಡೆಯ ಯಾರಿಗೂ ಎದುರು ಮಾತಾಡಿರಲಿಲ್ಲ. ನನ್ನ ಅತ್ತೆಗೂ ಇಲ್ಲ. ಮುಖ ಎತ್ತದೆಯೇ ಹೇಳಿದೆ: "ಅಕ್ಕನ ಬಾಯಿಂದ ಕಿತ್ತು ತಮ್ಮನಿಗೆ ಕೊಟ್ಟೆ. ಬಯ್ಯೋದಾದ್ರೆ ಆಮೇಲೆ ಬಯ್ಯಿರಿ ಬೀಗರೇ. ಈಗ ಅವಳನ್ನ ಎತ್ಕೊಳ್ಳಿ, ನನ್ನ ಎರಡು ಕೈಯೂ ಇಲ್ಲಿದೆ."

ಅವರು ಬಟ್ಟೆ ಕೆಳಗಿಟ್ಟು ಅಕ್ಕನನ್ನು ಎತ್ತಿ ಭುಜಕ್ಕೆ ಹಾಕಿಕೊಂಡರು. ಅವಳು ಬಿಕ್ಕುವುದು ಕಡಿಮೆಯಾದಾಗ ತಮ್ಮ ನುಂಗುವ ಸದ್ದು ಕೋಣೆಯಲ್ಲಿ ಕೇಳತೊಡಗಿತು. ದಾವಣಗೆರೆ ಅಜ್ಜಿ ಹತ್ತಿರ ಬಂದು ಬಗ್ಗಿದರು. ಕಿವಿಯನ್ನು ಅವನ ಗಂಟಲಿನ ಬಳಿ ತಂದು ಬಹಳ ಹೊತ್ತು ಹಾಗೇ ಇದ್ದರು. ನನ್ನನ್ನು ಬಯ್ಯಲಿಲ್ಲ, ಹೊಗಳಲೂ ಇಲ್ಲ. ಮುಂದಿನ ಸಲ ಹಾಲು ಕೊಡುವ ಹೊತ್ತಿಗೆ ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಮಲ್ಲಿನ ಬಟ್ಟೆಯೊಂದನ್ನು ಹಿಡಿದು ಪಕ್ಕದಲ್ಲಿ ಕೂತರು. "ಎಂಜಲಂತೂ ಎಂಜಲೇ. ಒರಸಿ ಕೊಡೂಣು" ಅಂದರು. ನಾನು ಆಗಲಿ ಅಂದೆ. ಅಕ್ಕನಿಂದ ಬಿಡಿಸಿದ ಕೂಡಲೇ ಅವರು ಒರೆಸುವುದು, ನಾನು ತಮ್ಮನನ್ನು ಇಡುವುದು. ಒಂದೆರಡು ದಿನ ಹಾಗೆ ನಡೆಯಿತು. ಬಟ್ಟೆ ತಿಕ್ಕಿ ತಿಕ್ಕಿ ಚರ್ಮ ಉರಿಯುತ್ತದೆ ಎಂದು ನಿಮ್ಮಮ್ಮ ಹೇಳಿದ ಮೇಲೆ ಅವರೇ ಅದನ್ನು ಬಿಟ್ಟರು.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಎಷ್ಟೋ ಸಲ ಅಕ್ಕ ಆ ಕಡೆ ಬಾಯಿ ಇಡಲೇ ಒಪ್ಪುತ್ತಿರಲಿಲ್ಲ. ಒಪ್ಪಿದರೂ ಹಾಲು ಬರುತ್ತಿರಲಿಲ್ಲ. ಬಂದಾಗ ತಮ್ಮ ನಿದ್ದೆಯಲ್ಲಿರುತ್ತಿದ್ದ. ಹಾಲು ಹೊಸದಾಗಿ ಬಂದ ರಭಸಕ್ಕೆ ನೆತ್ತಿಗೇರಿ ಒಮ್ಮೆ ನೀಲಿಗಟ್ಟಿದ, ತಲೆಕೆಳಗು ಮಾಡಿ ಬೆನ್ನು ತಟ್ಟಿದೆವು. ನಿಮ್ಮಮ್ಮನ ತೊಟ್ಟು ಸೀಳಿ ರಕ್ತ ಬಂತು. ತುಪ್ಪ ಸವರಿದರೂ ಅಕ್ಕ ಬಾಯಿ ಹಾಕಿದಾಗಲೆಲ್ಲ ಅವಳ ಕಾಲಿನ ಬೆರಳುಗಳು ಮಡಚಿಕೊಳ್ಳುತ್ತಿದ್ದವು. ಬಾಯಿಂದ ಮತ್ತೆ ಮತ್ತೆ ಕಿತ್ತುಕೊಂಡದ್ದಕ್ಕೆ ಅಕ್ಕನಿಗೆ ಸಿಟ್ಟು ತಲೆಗೇರಿತ್ತು. ತುಂಬಿದ ಹೊಟ್ಟೆಯಲ್ಲಿ ಮಲಗುತ್ತಿದ್ದ ಮಗು ಈಗ ಅರ್ಧ ಹೊಟ್ಟೆಯಲ್ಲಿ ಒದ್ದಾಡುತ್ತಿತ್ತು. ಇವನಿಗೂ ಆಗಲಿಲ್ಲ, ಅವಳದ್ದನ್ನೂ ಕೆಡಿಸಿದೆವಲ್ಲ ಎಂದು ನಿಮ್ಮಮ್ಮ ಅತ್ತಳು. ಎರಡನ್ನೂ ಕಳೆದುಕೊಳ್ಳುವ ಕೆಲಸಕ್ಕೆ ಕೈಹಾಕಿದೆನೇ ಎಂದು ದೇವರ ಗೂಡಿನ ಮುಂದೆ ನಿಂತೆ.

ಹೋಗಬೇಕಾದ ದಿನ ಬಂತು. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಎಂದು ನಿಮ್ಮಪ್ಪ ಬಟ್ಟೆ, ಫ್ಲಾಸ್ಕು ಎಲ್ಲ ಚೀಲಕ್ಕೆ ತುಂಬಿಟ್ಟಿದ್ದರು. ಆ ಚೀಲವನ್ನು ನೋಡುವಾಗಲೆಲ್ಲ ನಿಮ್ಮಮ್ಮ ಮುಖ ತಿರುಗಿಸುತ್ತಿದ್ದಳು.

ತೂಕದ ಯಂತ್ರದ ಮೇಲೆ ಮೊದಲು ಅಕ್ಕನನ್ನು ಮಲಗಿಸಿದರು. ಇಳಿದಿರಲಿಲ್ಲ, ಇದ್ದಷ್ಟೇ ಇತ್ತು. ಆಮೇಲೆ ತಮ್ಮ. ಮೈಮೇಲಿನ ಬಟ್ಟೆ ತೆಗೆದು ಆ ತಣ್ಣನೆಯ ತಟ್ಟೆಯ ಮೇಲೆ ಇಟ್ಟ ಕೂಡಲೇ ಅವನು ಕಾಲು ಎತ್ತಿ ಉಚ್ಚೆ ಹೊಯ್ದ. ಯಂತ್ರದ ಮೇಲೆ, ನರ್ಸಮ್ಮನ ಕೈಮೇಲೆ, ಎಲ್ಲ ಕಡೆ. ದಿನಗಟ್ಟಲೆ ಒಣ ಬಟ್ಟೆ ಮುಟ್ಟಿ ಮುಟ್ಟಿ ನೋಡಿದ್ದ ನಾವು ಮೂವರೂ ಆ ನೀರನ್ನೇ ನೋಡುತ್ತಾ ನಿಂತೆವು. ನರ್ಸಮ್ಮ ತಟ್ಟೆ ಒರೆಸಿ, ಮತ್ತೊಮ್ಮೆ ಸೊನ್ನೆಗೆ ತಂದು ಇಡುತ್ತೇನೆ ಅಂದಳು. ದಾವಣಗೆರೆ ಅಜ್ಜಿ ಅವಳ ಕೈ ಹಿಡಿದರು.

"ಅದನ್ನೂ ಸೇರಿಸ್ರಿ ನರ್ಸಮ್ಮಾರೆ. ಅದೂ ಕುಡಿದ ಹಾಲೇ."

"ಹಂಗೆಲ್ಲ ಸೇರ್ಸಕ್ಕೆ ಬರಲ್ಲ ಅಜ್ಜಿ."

"ಯಾಕ ಬರಂಗಿಲ್ಲ? ನಿಮ್ಮ ಮಿಷನ್ನಿನ ಮ್ಯಾಲೇ ಹೊಯ್ದಾನ, ಹೊರಗ ಹೊಯ್ದಿದ್ರ ನಾ ಕೇಳ್ತಿದ್ದಿಲ್ಲ."

ನರ್ಸಮ್ಮ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ, ನಾನು ಯಂತ್ರದ ಕೆಂಪು ಅಂಕಿಗಳನ್ನೇ ನೋಡುತ್ತಿದ್ದೆ. ಅವು ಮೇಲೆ ಕೆಳಗೆ ಆಡಿ ನಿಂತವು. ಏರಿತ್ತು. ಒಂದು ನಿಂಬೆಹಣ್ಣಿನ ತೂಕ ಇರಬಹುದು, ಅದಕ್ಕಿಂತ ಹೆಚ್ಚಿಲ್ಲ. ಡಾಕ್ಟರು ಬಂದು ನೋಡಿ, ನೆತ್ತಿ ಮುಟ್ಟಿ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿದರು. ಇದು ಸಾಲದು ಅಂದರು. ನಿಮ್ಮಮ್ಮ ಗೋಡೆ ಹಿಡಿದುಕೊಂಡಳು. "ಸಾಲದು, ಆದ್ರೆ ಇಳೀತಾ ಇಲ್ವಲ್ಲ. ಮನೆಗೇ ಕರ್ಕೊಂಡು ಹೋಗಿ. ಮಾಡ್ತಾ ಇರೋದನ್ನೇ ಮಾಡಿ, ಮುಂದಿನ ವಾರ ಮತ್ತೆ ನೋಡೋಣ" ಎಂದು ಪಕ್ಕದ ಮಗುವಿನ ಕಡೆ ಹೋದರು.

ಹೊರಗೆ ಬರುವಷ್ಟರಲ್ಲಿ ಇಬ್ಬರಿಗೂ ಹಸಿವಾಗಿತ್ತು. ಅಕ್ಕ ಕಾರಿಡಾರು ತುಂಬ ಕೂಗುತ್ತಿದ್ದಳು. ತಮ್ಮನೂ ಅಳುತ್ತಿದ್ದ, ಅದು ನನಗೆ ಕೇಳಿಸಿತು. ಆಟೋ ಹಿಡಿದು ಮನೆ ಸೇರುವವರೆಗೆ ಕಾಯುವ ಹಾಗಿರಲಿಲ್ಲ. ಗಂಡಸರೂ ಹೆಂಗಸರೂ ಓಡಾಡುವ ಜಾಗ, ಒಂದು ಬೆಂಚು. ದಾವಣಗೆರೆ ಅಜ್ಜಿ ಒಂದು ಕಡೆ ಅಡ್ಡ ನಿಂತರು, ನಾನು ಸೆರಗು ಅಗಲಿಸಿ ಇನ್ನೊಂದು ಕಡೆ ನಿಂತೆ. ನಿಮ್ಮಮ್ಮ ನಮ್ಮನ್ನು ಯಾರನ್ನೂ ಕೇಳದೆ ಅಕ್ಕನನ್ನು ತೆಗೆದುಕೊಂಡು ಬಲಗಡೆಗೆ ಹಾಕಿಕೊಂಡಳು, ಕಣ್ಣು ಮುಚ್ಚಿ, ಕಾಲಿನ ಬೆರಳು ಮಡಚಿ. ಅವನ ಸರದಿ ಬರುವವರೆಗೆ ಅಳುವ ತಮ್ಮನನ್ನು ಭುಜದ ಮೇಲೆ ಹಾಕಿಕೊಂಡು, ನಾನು ಹಾಲು ಬಂದ ಗುರುತಿಗೆ ಅವಳ ಎಡಗಡೆಯ ರವಿಕೆ ಒದ್ದೆಯಾಗುವುದನ್ನೇ ಕಾಯುತ್ತಾ ನಿಂತಿದ್ದೆ.